ಗಾರೆ ಹಸಿಯಿರುವಾಗಲೇ

ಎಲೆ ಅಡಕೆ ಹಾಕುವವರಿದ್ದ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಸುಣ್ಣದ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ನಾಲ್ಕು ದಿನ ಬಿಟ್ಟರೆ ಮೆತ್ತಗಿದ್ದ ಸುಣ್ಣ ಗಡುಸಾಗಿ ಕೂತುಬಿಡುತ್ತದೆ. ನೀರು ಹಾಕಿ ಕಲಸಿದರೆ ಸರಿಹೋದೀತು ಎಂದುಕೊಂಡರೆ ಹೋಗುವುದಿಲ್ಲ. ಒಣಗಿದ ಜೇಡಿಮಣ್ಣಿಗೆ ನೀರು ಬಿದ್ದರೆ ಅದು ಮತ್ತೆ ಮಣ್ಣಾಗುತ್ತದೆ, ಸುಣ್ಣ ಮಾತ್ರ ಒಮ್ಮೆ ಗಟ್ಟಿಯಾಯಿತೆಂದರೆ ಮುಗಿಯಿತು. ಅದಕ್ಕೇ ಹಿರಿಯರು ಸುಣ್ಣದ ಮೇಲೆ ಸದಾ ಒಂದಿಷ್ಟು ನೀರು ನಿಲ್ಲಿಸಿ ಇಡುತ್ತಿದ್ದರು.

ಹಾಗಾದರೆ ಸುಣ್ಣ ಗಟ್ಟಿಯಾಗುವುದು ನೀರು ಆರಿದ್ದರಿಂದ ಮಾತ್ರ ಅಲ್ಲ, ಅಲ್ಲಿ ಬೇರೇನೋ ನಡೆದಿದೆ. ಆ ಬೇರೇನು ಎಂಬುದು ಗೊತ್ತಾದರೆ ಕಲೆಯ ಚರಿತ್ರೆಯ ದೊಡ್ಡದೊಂದು ಒಗಟು ಬಿಡಿಸಿಕೊಳ್ಳುತ್ತದೆ. ಇಟಲಿಯ ಪಾಂಪೇಯಿ ಪಟ್ಟಣ ಕ್ರಿ.ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಬೂದಿಯಡಿ ಹೂತುಹೋಯಿತು. ಅಗೆದು ತೆಗೆದಾಗ ಅಲ್ಲಿನ ಮನೆಗಳ ಗೋಡೆಗಳ ಮೇಲೆ ಕೆಂಪು, ಹಳದಿ, ಹಸಿರು ಬಣ್ಣಗಳು ಉಳಿದಿದ್ದವು. ಅದೇ ಇಟಲಿಯ ಮಿಲಾನ್ ನಗರದಲ್ಲಿ ಲಿಯೊನಾರ್ಡೊ ಡಾ ವಿಂಚಿ 1495ರಿಂದ 1498ರ ಅವಧಿಯಲ್ಲಿ ಬರೆದ 'ಕೊನೆಯ ಭೋಜನ' ಅವನು ಬದುಕಿರುವಾಗಲೇ ಉದುರಲು ಶುರುವಾಯಿತು. ಪಾಂಪೇಯಿಯ ಬಣ್ಣಗಾರರಲ್ಲಿ ಬಹುಪಾಲು ಜನರ ಹೆಸರು ಯಾರಿಗೂ ಗೊತ್ತಿಲ್ಲ, ಲಿಯೊನಾರ್ಡೊನ ಹೆಸರು ಗೊತ್ತಿಲ್ಲದವರಿಲ್ಲ. ಆದರೂ ಅವರ ಕೆಲಸ ನಿಂತಿತು, ಇವನದು ನಿಲ್ಲಲಿಲ್ಲ. ಕಾರಣ ಪ್ರತಿಭೆಯಲ್ಲಿ ಇಲ್ಲ, ಗೋಡೆಯ ಸುಣ್ಣದಲ್ಲಿ ಇದೆ.

ಕಲ್ಲಿನಿಂದ ಸುಣ್ಣ, ಸುಣ್ಣದಿಂದ ಕಲ್ಲು

ಸುಣ್ಣದ ಕಲ್ಲನ್ನೋ ಸಮುದ್ರದ ಚಿಪ್ಪನ್ನೋ ಗೂಡಿನಲ್ಲಿ ಹಾಕಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಡುತ್ತಾರೆ. ಕಲ್ಲಿನೊಳಗೆ ಕಟ್ಟಿಹಾಕಿದಂತಿದ್ದ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುಗಡೆಯಾಗಿ ಹಾರಿಹೋಗುತ್ತದೆ. 100 ಕಿಲೊ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಉಳಿಯುವುದು 56 ಕಿಲೊ ಮಾತ್ರ, ಮಿಕ್ಕ 44 ಕಿಲೊ ಗಾಳಿಗೆ ಸೇರುತ್ತದೆ. ಉಳಿದದ್ದು ಸುಟ್ಟ ಸುಣ್ಣ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು, ಹಬೆಯೆದ್ದು, ಪುಡಿಪುಡಿಯಾಗಿ ಅರಳುತ್ತದೆ. ನಾವು ಎಲೆಗೆ ಸವರುವುದು, ಗೋಡೆಗೆ ಬಳಿಯುವುದು ಈ ಅರಳಿದ ಸುಣ್ಣವನ್ನು.

ಅರಳಿದ ಸುಣ್ಣಕ್ಕೆ ಕಳೆದುಕೊಂಡದ್ದನ್ನು ಮರಳಿ ಪಡೆಯುವ ಗುಣವಿದೆ. ಗಾಳಿಯಲ್ಲಿ ಹತ್ತು ಸಾವಿರ ಪಾಲಿಗೆ ನಾಲ್ಕು ಪಾಲಿನಷ್ಟಿರುವ ಇಂಗಾಲದ ಡೈಆಕ್ಸೈಡನ್ನು ಅದು ನಿಧಾನವಾಗಿ ಹೀರಿಕೊಳ್ಳುತ್ತದೆ. ಹೀರಿಕೊಂಡಷ್ಟೂ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದಾಗ ನೀರು ಹಾಲಿನ ಬಣ್ಣಕ್ಕೆ ತಿರುಗಿದ್ದು ಇದೇ ಕಾರಣಕ್ಕೆ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಹುಟ್ಟಿದ ಕಲ್ಲಿನ ಹುಡಿ ಆ ನೀರಿನಲ್ಲಿ ತೇಲುತ್ತಿತ್ತು. ಡಬ್ಬಿಯ ಸುಣ್ಣವೂ ಹೀಗೆ ಕಲ್ಲಾದದ್ದರಿಂದಲೇ ನೀರಿಗೆ ಜಗ್ಗಲಿಲ್ಲ. ಮೇಲೆ ನಿಲ್ಲಿಸಿದ ನೀರು ಅದಕ್ಕೂ ಗಾಳಿಗೂ ನಡುವೆ ಅಡ್ಡಗೋಡೆಯಾಗಿತ್ತು.

ಇಲ್ಲೊಂದು ಸೂಕ್ಷ್ಮವಿದೆ. ಅನಿಲ ಮೊದಲು ತೇವದಲ್ಲಿ ಕರಗಬೇಕು, ಆಮೇಲೆ ಸುಣ್ಣವನ್ನು ಸೇರಬೇಕು. ಗಾರೆ ಪೂರ್ತಿ ಒಣಗಿಬಿಟ್ಟರೆ ಈ ಕೆಲಸ ನಿಂತುಹೋಗುತ್ತದೆ. ನೀರು ತುಂಬಿ ತೊಟ್ಟಿಕ್ಕುತ್ತಿದ್ದರೂ ಗಾಳಿ ಒಳಗೆ ಹೋಗಲಾರದು. ಹದವಾದ ತೇವ ಬೇಕು. ಹಳೆಯ ಗಾರೆ ಕೆಲಸದವರು ಹೊಸ ಗೋಡೆಗೆ ದಿನವೂ ನೀರು ಚಿಮುಕಿಸುತ್ತಿದ್ದದ್ದು ಅನುಭವದಿಂದ ಬಂದ ತಿಳಿವಳಿಕೆ, ರಸಾಯನಶಾಸ್ತ್ರ ಅದನ್ನು ಬಹಳ ತಡವಾಗಿ ಒಪ್ಪಿತು.

ಅಂಟಿಲ್ಲದ ಬಣ್ಣ

ಬಣ್ಣವೆಂದರೆ ಮೂಲತಃ ಹುಡಿ. ಹುಡಿ ತಾನಾಗಿ ಗೋಡೆಗೆ ಹಿಡಿಯುವುದಿಲ್ಲ, ಅಂಟು ಬೇಕು. ಮೊಟ್ಟೆ, ಎಣ್ಣೆ, ಮರದ ಗೋಂದು, ಪ್ರಾಣಿಯ ಚರ್ಮ ಕುದಿಸಿ ತೆಗೆದ ಸರೇಸು ಹೀಗೆ ಬೇರೆ ಬೇರೆ ಕಾಲದವರು ಬೇರೆ ಬೇರೆ ಅಂಟು ಬಳಸಿದರು. ಇವೆಲ್ಲ ಜೀವಮೂಲದ ವಸ್ತುಗಳು. ವಯಸ್ಸಾದಂತೆ ಕುಗ್ಗುತ್ತವೆ, ಬಿರಿಯುತ್ತವೆ, ಶಿಲೀಂಧ್ರಕ್ಕೂ ಹುಳುವಿಗೂ ಆಹಾರವಾಗುತ್ತವೆ. ಅಂಟು ಹೋದರೆ ಬಣ್ಣವೂ ಹೋಯಿತು.

ಹಸಿಗಾರೆ ಚಿತ್ರದಲ್ಲಿ ಅಂಟೇ ಇಲ್ಲ. ಇಟಲಿಯವರು ಇದನ್ನು ಫ್ರೆಸ್ಕೊ ಎಂದು ಕರೆದರು. ಸುಣ್ಣ ಮತ್ತು ಮರಳಿನ ಗಾರೆಯನ್ನು ಗೋಡೆಗೆ ಮೆತ್ತಿ, ಅದು ಹಸಿಯಿರುವಾಗಲೇ ಬರಿ ನೀರಿನಲ್ಲಿ ಕಲಸಿದ ಬಣ್ಣವನ್ನು ಕುಂಚದಿಂದ ಹಚ್ಚುತ್ತಾರೆ. ಅರಳಿದ ಸುಣ್ಣ ನೀರಿನಲ್ಲಿ ತುಸುವೇ ಕರಗುತ್ತದೆ, ಒಂದು ಲೀಟರಿಗೆ ಎರಡು ಗ್ರಾಮಿಗಿಂತ ಕಡಿಮೆ. ಅಷ್ಟು ಸಾಕು. ಮೇಲ್ಮೈ ಆರುತ್ತಾ ಹೋದಂತೆ ಒಳಗಿನ ತೇವ ಹೊರಗೆ ಬರುತ್ತದೆ. ಬರುವಾಗ ಕರಗಿದ ಸುಣ್ಣವನ್ನೂ ಹೊತ್ತು ತಂದು ಬಣ್ಣದ ಕಣಗಳ ಸಂದುಗೊಂದುಗಳಲ್ಲೆಲ್ಲ ಹರಿಯುತ್ತದೆ. ಅಲ್ಲಿ ಗಾಳಿ ಕಾದಿರುತ್ತದೆ. ಸುಣ್ಣ ಗಾಳಿಯ ಅನಿಲವನ್ನು ಹೀರಿ ಪುಟ್ಟ ಪುಟ್ಟ ಹರಳುಗಳಾಗಿ ಬೆಳೆಯುತ್ತದೆ. ಕಲ್ಲುಸಕ್ಕರೆ ಮಾಡುವಾಗ ಪಾಕದಲ್ಲಿ ಇಳಿಬಿಟ್ಟ ದಾರವನ್ನು ನೆನೆಸಿಕೊಳ್ಳಿ. ಹರಳು ದಾರದ ಸುತ್ತಲೂ ಬೆಳೆದು ಕೊನೆಗೆ ದಾರ ಹರಳಿನ ಒಳಗೇ ಉಳಿದುಬಿಡುತ್ತದೆ. ಬಣ್ಣದ ಕಣಗಳೂ ಹಾಗೆಯೇ ಸುಣ್ಣದ ಹರಳುಗಳೊಳಗೆ ಸೆರೆಯಾಗುತ್ತವೆ.

ಈಗ ಬಣ್ಣ ಗೋಡೆಯ ಮೇಲೆ ಇಲ್ಲ, ಗೋಡೆಯೇ ಆಗಿದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಂಟಿನ ಬಣ್ಣ ಕೈಗೆ ಬರಬಹುದು, ಸರಿಯಾಗಿ ಮಾಗಿದ ಹಸಿಗಾರೆಯ ಬಣ್ಣ ಬರುವುದಿಲ್ಲ. ಹರಳು ಪಾರದರ್ಶಕವಾದ್ದರಿಂದ ಬೆಳಕು ಅದರೊಳಗೆ ಹೊಕ್ಕು, ಕಣಕ್ಕೆ ತಾಗಿ ಹಿಂತಿರುಗುತ್ತದೆ. ಎಣ್ಣೆಚಿತ್ರದ ಜಿಡ್ಡಿನ ಹೊಳಪು ಇಲ್ಲಿಲ್ಲದೆ ತಣ್ಣನೆಯ ಕಾಂತಿಯೊಂದು ಕಾಣುವುದು ಇದರಿಂದಲೇ.

ಲಿಯೊನಾರ್ಡೊ ಇದನ್ನು ಒಲ್ಲೆನೆಂದ. ನಿಧಾನವಾಗಿ ಯೋಚಿಸಿ, ತಿದ್ದಿ, ತೆಳುವಾದ ಪದರಗಳ ಮೇಲೆ ಪದರ ಹಚ್ಚಿ ನೆರಳು ಮೂಡಿಸುವುದು ಅವನ ರೀತಿ. ಹಸಿಗಾರೆ ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ಅವನು ಒಣಗಿದ ಗೋಡೆಯ ಮೇಲೆ ಮೊಟ್ಟೆ ಮತ್ತು ಎಣ್ಣೆಯ ಅಂಟಿನಲ್ಲಿ ಬರೆದ. ಗೋಡೆಯ ತೇವ ಹಿಂದಿನಿಂದ ಬಂದು ಬಣ್ಣದ ಪದರವನ್ನು ದೂಡಿತು. 1978ರಿಂದ 1999ರವರೆಗೆ ಎರಡು ದಶಕ ಕಾಲ ಸಂರಕ್ಷಕರು ದುಡಿದ ಮೇಲೂ ಈಗ ಕಾಣುವುದರಲ್ಲಿ ಲಿಯೊನಾರ್ಡೊನ ಕೈಯ ಬಣ್ಣ ಉಳಿದಿರುವುದು ಸ್ವಲ್ಪವೇ.

ಪಾಂಪೇಯಿಯ ಅರ್ಧ ಗೋಡೆ

ಹಸಿಗಾರೆಯ ತಂತ್ರವನ್ನು ಕಣ್ಣಾರೆ ತೋರಿಸುವ ಒಂದು ಕೋಣೆ ಪಾಂಪೇಯಿಯಲ್ಲಿದೆ. 'ಕೆಲಸನಿರತ ಬಣ್ಣಗಾರರ ಮನೆ' ಎಂದು ಪುರಾತತ್ವಜ್ಞರು ಕರೆಯುವ ಮನೆಯದು. ಪರ್ವತ ಸಿಡಿದ ದಿನ ಅಲ್ಲಿ ಬಣ್ಣಗಾರರು ಕೆಲಸ ಮಾಡುತ್ತಿದ್ದರು. ಕೈಯಲ್ಲಿದ್ದುದನ್ನು ಹಾಗೆಯೇ ಬಿಟ್ಟು ಓಡಿದರು. ಬಣ್ಣದ ಪುಟ್ಟ ಬಟ್ಟಲುಗಳು, ಸುಣ್ಣದ ರಾಶಿ ಎಲ್ಲ ಅಲ್ಲೇ ಸಿಕ್ಕವು. ಗೋಡೆಯ ಮೇಲ್ಭಾಗ ಮುಗಿದಿದೆ. ನಡುವಿನ ಭಾಗದಲ್ಲಿ ಕೆಲವು ಕಡೆ ಬಣ್ಣ ತುಂಬಿದ್ದಾರೆ, ಮುಖ್ಯ ಚಿತ್ರ ಬರಬೇಕಾದ ಜಾಗದಲ್ಲಿ ಬರಿಯ ರೇಖೆಗಳಿವೆ. ಕೆಳಗಿನ ಪಟ್ಟಿಗೆ ಕೊನೆಯ ಗಾರೆಯೇ ಬಿದ್ದಿಲ್ಲ.

ಮೇಲಿನಿಂದ ಕೆಳಕ್ಕೆ ಕೆಲಸ ಸಾಗುತ್ತಿದ್ದುದು ಸಹಜ, ತೊಟ್ಟಿಕ್ಕಿದರೆ ಮುಗಿದ ಭಾಗ ಕೆಡಬಾರದಲ್ಲ. ಅದಕ್ಕಿಂತ ಮುಖ್ಯವಾದದ್ದು, ಅಂದು ಬರೆಯಲು ಆಗುವಷ್ಟು ಜಾಗಕ್ಕೆ ಮಾತ್ರ ಅವರು ಕೊನೆಯ ಗಾರೆ ಮೆತ್ತುತ್ತಿದ್ದರು. ರೋಮಿನ ವಾಸ್ತುತಜ್ಞ ವಿಟ್ರೂವಿಯಸ್ ಕ್ರಿ.ಪೂ. ಮೊದಲ ಶತಮಾನದಲ್ಲಿ ಬರೆದ ಗ್ರಂಥದಲ್ಲಿ ಗೋಡೆಗೆ ಮೂರು ಪದರ ಮರಳಿನ ಗಾರೆ, ಅದರ ಮೇಲೆ ಮೂರು ಪದರ ಅಮೃತಶಿಲೆಯ ಹುಡಿಯ ಗಾರೆ ಹಾಕಬೇಕೆಂದು ವಿಧಿಸುತ್ತಾನೆ. ಇಷ್ಟು ದಪ್ಪವೇಕೆ ಎಂಬ ಪ್ರಶ್ನೆಗೆ ಉತ್ತರ ಈಗ ನಿಮಗೇ ಹೊಳೆಯುತ್ತದೆ. ದಪ್ಪ ಗಾರೆ ಹೆಚ್ಚು ಹೊತ್ತು ತೇವ ಹಿಡಿಯುತ್ತದೆ, ಬಣ್ಣಗಾರನಿಗೆ ಹೆಚ್ಚು ಸಮಯ ಸಿಗುತ್ತದೆ. ಅದೇ ನಾಡಿನ ಲೇಖಕ ಪ್ಲಿನಿ, ಮೂರು ವರ್ಷವಾದರೂ ನೆನೆಯದ ಸುಣ್ಣವನ್ನು ಕಟ್ಟಡಕ್ಕೆ ಬಳಸಕೂಡದೆಂಬ ಹಳೆಯ ಕಟ್ಟಳೆಯಿತ್ತೆಂದು ಬರೆದಿದ್ದಾನೆ. ಚೆನ್ನಾಗಿ ನೆನೆದ ಸುಣ್ಣದಲ್ಲಿ ಅರಳದ ಗಂಟುಗಳು ಉಳಿಯುವುದಿಲ್ಲ. ಉಳಿದರೆ ಗೋಡೆಯಲ್ಲಿ ಕೂತ ಮೇಲೆ ಅರಳಿ ಬಣ್ಣವನ್ನು ಸಿಡಿಸುತ್ತವೆ.

ಒಂದು ದಿನದ ಪಾಲು

ಯುರೋಪಿನ ನವೋದಯ ಕಾಲದವರು ಲೆಕ್ಕವನ್ನು ಇನ್ನೂ ಬಿಗಿ ಮಾಡಿದರು. ಬೆಳಿಗ್ಗೆ ಒಂದು ತುಂಡು ಜಾಗಕ್ಕೆ ಗಾರೆ ಹಾಕುವುದು, ಸಂಜೆಯೊಳಗೆ ಬರೆದು ಮುಗಿಸುವುದು, ಉಳಿದ ಗಾರೆಯನ್ನು ಚಿತ್ರದ ಅಂಚಿಗೆ ಸರಿಯಾಗಿ ಕತ್ತರಿಸಿ ತೆಗೆಯುವುದು. ಮರುದಿನ ಅಲ್ಲಿಂದ ಮುಂದೆ. ಇದನ್ನು ಅವರು 'ಜೊರ್ನಾತಾ' ಎಂದರು, ಅಂದರೆ ಒಂದು ದಿನದ ಕೆಲಸ. ಮಿಕೆಲಾಂಜೆಲೊ 1508ರಿಂದ 1512ರವರೆಗೆ ಬರೆದ ಸಿಸ್ಟೈನ್ ದೇವಾಲಯದ ಚಾವಣಿ ಇಂಥ ದಿನದ ಪಾಲುಗಳನ್ನು ಜೋಡಿಸಿದ ಚಿತ್ರ. ಪಕ್ಕದಿಂದ ಬೆಳಕು ಬಿಟ್ಟು ನೋಡಿದರೆ ಒಂದು ದಿನದ ಗಾರೆ ಇನ್ನೊಂದು ದಿನದ ಗಾರೆಯ ಮೇಲೆ ಕೂದಲೆಳೆಯಷ್ಟು ಏರಿರುವ ಸಂದು ಕಾಣುತ್ತದೆ. ಯಾವುದರ ಮೇಲೆ ಯಾವುದು ಏರಿದೆ ಎಂದು ನೋಡಿದರೆ ಯಾವ ಭಾಗ ಮೊದಲು, ಯಾವುದು ಆಮೇಲೆ ಎಂದು ಹೇಳಬಹುದು. ಮೂಲೆಯ ಆಕಾಶಕ್ಕೆ ದೊಡ್ಡ ಪಾಲು, ಒಂದು ಮುಖಕ್ಕೆ ಪುಟ್ಟ ಪಾಲು. ಚಿತ್ರಕಾರನಿಗೆ ಎಲ್ಲಿ ಕಷ್ಟವಾಯಿತು ಎಂಬುದೂ ಗೋಡೆಯಲ್ಲೇ ದಾಖಲಾಗಿದೆ.

ಸುಣ್ಣದ ಈ ಅವಸರ ಚಿತ್ರದ ರೂಪವನ್ನೂ ತಿದ್ದಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಳಿಸಿ ಬರೆಯುವ ಅವಕಾಶವಿಲ್ಲ. ಇಷ್ಟವಾಗದಿದ್ದರೆ ಗಾರೆಯನ್ನೇ ಕೆತ್ತಿ ತೆಗೆದು ಮತ್ತೆ ಮೊದಲಿನಿಂದ. ಆದ್ದರಿಂದ ರೇಖೆ ಮೊದಲೇ ನಿಶ್ಚಯವಾಗಿರಬೇಕು, ಆಕಾರಗಳು ದೊಡ್ಡದಾಗಿ ಸ್ಪಷ್ಟವಾಗಿರಬೇಕು, ಸಂದು ಎಲ್ಲಿ ಬರಬೇಕೆಂದು ಮುಂಚೆಯೇ ಯೋಚಿಸಿ ಆಕೃತಿಗಳನ್ನು ಇಡಬೇಕು. ಹಸಿಯಲ್ಲಿ ಗಾಢವಾಗಿ ಕಂಡ ಬಣ್ಣ ಒಣಗಿದಾಗ ತಿಳಿಯಾಗುತ್ತದೆ. ಹಾಗಾಗಿ ಛಾಯೆಗಳನ್ನು ಮೊದಲೇ ಬಟ್ಟಲುಗಳಲ್ಲಿ ಕಲಸಿ ಸಾಲಾಗಿ ಇಟ್ಟುಕೊಳ್ಳಬೇಕು. ಹಸಿಗಾರೆ ಚಿತ್ರಗಳಲ್ಲಿ ನಾವು ಮೆಚ್ಚುವ ಗಾಂಭೀರ್ಯ, ನೇರತನ, ಕೆಲವೇ ಬಣ್ಣಗಳ ಹೊಂದಾಣಿಕೆ ಇವೆಲ್ಲ ಶೈಲಿಯ ಆಯ್ಕೆ ಎಂದು ಪುಸ್ತಕಗಳು ಹೇಳುತ್ತವೆ. ಅದರಲ್ಲಿ ಸುಣ್ಣದ ಪಾಲು ದೊಡ್ಡದು.

ಸುಣ್ಣಕ್ಕೆ ಒಗ್ಗದವು

ಸುಣ್ಣ ಖಾರದ ವಸ್ತು. ಎಲೆಗೆ ತುಸು ಹೆಚ್ಚಾದರೆ ನಾಲಗೆ ಬೇಯುತ್ತದಲ್ಲ, ಬಣ್ಣಗಳಿಗೂ ಅದೇ ಗತಿ. ಗಿಡದ ರಸದಿಂದ ತೆಗೆದ ಬಣ್ಣಗಳು ಬಹುಪಾಲು ಬಾಳುವುದಿಲ್ಲ. ತಡೆದುಕೊಳ್ಳುವವು ಮಣ್ಣಿನ ಬಣ್ಣಗಳು: ಕೆಮ್ಮಣ್ಣು, ಹಳದಿ ಮಣ್ಣು, ಹಸಿರು ಮಣ್ಣು, ಇದ್ದಿಲಿನ ಕಪ್ಪು. ಬಿಳಿಗೆ ಸುಣ್ಣವೇ ಇದೆ. ನೀಲಿಗೆ ಮಾತ್ರ ತೊಂದರೆ. ಪ್ರಾಚೀನ ಈಜಿಪ್ಟಿನವರು ಮರಳು, ಸುಣ್ಣ, ತಾಮ್ರವನ್ನು ಸೇರಿಸಿ ಕಾಯಿಸಿ ಮಾಡಿದ ಕೃತಕ ನೀಲಿ ಸುಣ್ಣಕ್ಕೆ ಜಗ್ಗುತ್ತಿರಲಿಲ್ಲ, ರೋಮನ್ನರು ಅದನ್ನು ಧಾರಾಳವಾಗಿ ಬಳಸಿದರು. ಆ ವಿದ್ಯೆ ಮರೆತುಹೋದ ಕಾಲದಲ್ಲಿ ಜೊತ್ತೊ ಎಂಬ ಮಹಾಕಲಾವಿದ ಪಾದುವಾ ನಗರದ ಸ್ಕ್ರೊವೆನ್ಯಿ ದೇವಾಲಯದಲ್ಲಿ, ಸುಮಾರು 1305ರ ಹೊತ್ತಿಗೆ, ತಾಮ್ರದ ಅದಿರಿನ ನೀಲಿಯನ್ನು ಗಾರೆ ಒಣಗಿದ ಮೇಲೆ ಅಂಟಿನಲ್ಲಿ ಹಚ್ಚಬೇಕಾಯಿತು. ಅಲ್ಲಿನ ಒಂದು ಚಿತ್ರದಲ್ಲಿ ಸತ್ತ ಮಗ ಯೇಸುವನ್ನು ತಬ್ಬಿಕೊಂಡ ಮರಿಯಳ ಮುಖ, ಕೈ ಎಲ್ಲ ಇಂದಿಗೂ ಹಾಗೇ ಇವೆ. ಅವಳ ನೀಲಿ ವಸ್ತ್ರ ಮಾತ್ರ ಬಹುಮಟ್ಟಿಗೆ ಉದುರಿಹೋಗಿದೆ. ಎರಡು ತಂತ್ರಗಳ ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ ತೋರುವ ಗೋಡೆ ಅಪರೂಪ.

ಇಟಲಿಯ ಆಸೀಸಿ ಊರಿನಲ್ಲಿ ಚಿಮಾಬುವೆ ಎಂಬ ಚಿತ್ರಕಾರ ಬರೆದ ಶಿಲುಬೆಯ ಚಿತ್ರದಲ್ಲಿ ಇನ್ನೊಂದು ಬಗೆಯ ಅನಾಹುತವಾಯಿತು. ಬಿಳಿಗೆ ಅವನು ಸೀಸದ ಬಿಳಿ ಬಳಸಿದ್ದ. ಅದು ಕಪ್ಪಾಯಿತು. ಬೆಳಕಿರಬೇಕಾದಲ್ಲಿ ಕತ್ತಲೆ ಬಂದು ಇಡೀ ಚಿತ್ರ ಫೋಟೊದ ನೆಗೆಟಿವ್‌ನಂತೆ ಕಾಣುತ್ತದೆ. ಸುಣ್ಣದ ತಪ್ಪಿಲ್ಲದ ಉದಾಹರಣೆಯೂ ಇದೆ. ರೋಮಿನಲ್ಲಿ ಫಾಬೇರಿಯಸ್ ಎಂಬ ಗುಮಾಸ್ತ ತನ್ನ ಮನೆಯ ಅಂಗಳದ ಗೋಡೆಗಳಿಗೆ ದುಬಾರಿ ಇಂಗಳೀಕದ ಕೆಂಪು ಹಚ್ಚಿಸಿದ. ಬಿಸಿಲು ತಾಗಿ ಮೂವತ್ತು ದಿನಗಳಲ್ಲಿ ಮಚ್ಚೆಮಚ್ಚೆಯಾಗಿ ಕೆಟ್ಟಿತೆಂದು ವಿಟ್ರೂವಿಯಸ್ ಹೇಳುತ್ತಾನೆ.

ನಮ್ಮ ಗೋಡೆಗಳು

ಅಜಂತಾದ ಚಿತ್ರಗಳನ್ನು ಫ್ರೆಸ್ಕೊ ಎಂದು ಕರೆಯುವ ರೂಢಿಯಿದೆ, ಅದು ಸರಿಯಲ್ಲ. ಅಲ್ಲಿ ಬಂಡೆಗೆ ಮೆತ್ತಿರುವುದು ಹೊಟ್ಟು, ನಾರು ಬೆರೆಸಿದ ಮಣ್ಣಿನ ಗಾರೆ. ಅದರ ಮೇಲೆ ತೆಳುವಾಗಿ ಸುಣ್ಣ ಬಳಿದು, ಒಣಗಿದ ಮೇಲೆ ಅಂಟಿನ ಬಣ್ಣದಲ್ಲಿ ಬರೆದಿದ್ದಾರೆ. ಕಲಾವಿದರಿಗೆ ಬೇಕಾದಷ್ಟು ಸಮಯವಿತ್ತು. ಆ ಮುಖಗಳ ನವಿರು, ಒಡವೆಗಳ ಸೂಕ್ಷ್ಮ ಕೆಲಸ ಸಾಧ್ಯವಾದದ್ದು ಹಾಗೆ. ಹುಳು, ತೇವಗಳಿಂದ ಇಷ್ಟು ಕಳೆದುಹೋದದ್ದೂ ಹಾಗೆಯೇ.

ತಂಜಾವೂರಿನ ಬೃಹದೀಶ್ವರ ದೇವಾಲಯದ್ದು ಬೇರೆ ಕಥೆ. ಗರ್ಭಗುಡಿಯ ಸುತ್ತಲಿನ ಕತ್ತಲೆಯ ಪ್ರದಕ್ಷಿಣಾಪಥದಲ್ಲಿ ನಾಯಕರ ಕಾಲದ ಚಿತ್ರಗಳಿದ್ದವು. 1931ರಲ್ಲಿ ಇತಿಹಾಸಕಾರ ಎಸ್. ಕೆ. ಗೋವಿಂದಸ್ವಾಮಿಯವರು ಆ ಪದರ ಉದುರುತ್ತಿದ್ದ ಕಡೆ ಅಡಿಯಲ್ಲಿ ಇನ್ನೂ ಹಳೆಯ ಚಿತ್ರಗಳಿರುವುದನ್ನು ಕಂಡರು. ಅವು ಹನ್ನೊಂದನೆಯ ಶತಮಾನದ ಚೋಳರ ಕಾಲದವು. ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯದ ರಸಾಯನತಜ್ಞ ಎಸ್. ಪರಮಶಿವನ್ ಆ ಗಾರೆಯ ಚೂರುಗಳನ್ನು ಪರೀಕ್ಷಿಸಿ, ಅಂಟಿನ ಸುಳಿವಿಲ್ಲದ ಇದು ನಿಜವಾದ ಹಸಿಗಾರೆ ಕೆಲಸ ಎಂದು ತೀರ್ಮಾನಿಸಿದರು. ಮೇಲಿನ ಆರುನೂರು ವರ್ಷ ಕಿರಿಯ ಪದರ ಉದುರುತ್ತಿದ್ದಾಗ ಕೆಳಗಿನದು ಗಟ್ಟಿಯಾಗಿತ್ತು.

ಹತ್ತಿರದ ಕಾಲದಲ್ಲಿ ಬಿನೋದ್ ಬಿಹಾರಿ ಮುಖರ್ಜಿ ಶಾಂತಿನಿಕೇತನದ ಹಿಂದಿ ಭವನದಲ್ಲಿ 1946–47ರಲ್ಲಿ ಮಧ್ಯಯುಗದ ಸಂತರ ಬದುಕನ್ನು ಹಸಿಗಾರೆಯಲ್ಲೇ ಬರೆದರು. ಒಂದು ಕಣ್ಣು ಹುಟ್ಟಿನಿಂದಲೇ ಕಾಣುತ್ತಿರಲಿಲ್ಲ, ಇನ್ನೊಂದರ ದೃಷ್ಟಿ ತೀರಾ ಮಂದ. ತಿದ್ದಲು ಬಿಡದ ಮಾಧ್ಯಮದಲ್ಲಿ ಕೋಣೆಯ ಗೋಡೆಗಳ ಉದ್ದಕ್ಕೂ ಹರಿಯುವ ಜನಸಮೂಹವನ್ನು ಅವರು ಬರೆದ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಕನ್ನಡ ನಾಡಿನಲ್ಲಿ ಈ ಸುಣ್ಣವಿದ್ಯೆಯ ಸೊಗಸಾದ ರೂಪ ಉತ್ತರ ಕನ್ನಡದ ಕರಾವಳಿಯ ಕಾವಿ ಕಲೆ. ಗೋವಾದಲ್ಲೂ ಇದಿದೆ. ಚಿಪ್ಪು ಸುಟ್ಟ ಸುಣ್ಣಕ್ಕೆ ತೊಳೆದ ಮರಳು ಮತ್ತು ಬೆಲ್ಲ ಸೇರಿಸಿ ದಿನಗಟ್ಟಲೆ ಕೊಳೆಹಾಕಿ ಕುಟ್ಟಿ ಹದಮಾಡುತ್ತಿದ್ದರು. ಬೆಲ್ಲ ಸುಮ್ಮನೆ ಅಲ್ಲ, ಬೆಲ್ಲದ ನೀರಿನಲ್ಲಿ ಸುಣ್ಣ ಹೆಚ್ಚು ಕರಗುತ್ತದೆ. ಗೋಡೆಗೆ ಮೊದಲು ಬಿಳಿ ಗಾರೆ, ಅದರ ಮೇಲೆ ಕಾವಿಮಣ್ಣು ಬೆರೆತ ಕೆಂಪು ಪದರ. ಅದು ಹಸಿಯಿರುವಾಗಲೇ ಕೈವಾರದಿಂದ ವೃತ್ತ ಎಳೆದು, ಮೊನಚಾದ ಕಡ್ಡಿಯಿಂದ ಬೇಕಾದ ಕಡೆ ಕೆಂಪನ್ನು ಕೆರೆದರೆ ಅಡಿಯ ಬಿಳಿ ಬಯಲಾಗುತ್ತದೆ. ಬಳ್ಳಿ, ಹೂವು, ಆನೆ, ದೇವರು ಎಲ್ಲವೂ ಎರಡೇ ಬಣ್ಣದಲ್ಲಿ. ಆಮೇಲೆ ಉಜ್ಜಿ ನುಣುಪು ಮಾಡಿ, ಕೆಲವು ದಿನ ನೀರುಣಿಸಿ ಮಾಗಿಸುತ್ತಿದ್ದರು. ವಿಜ್ಞಾನಿಯೂ ಲೇಖಕರೂ ಆಗಿದ್ದ ಕೃಷ್ಣಾನಂದ ಕಾಮತರು ಊರೂರು ತಿರುಗಿ ಈ ಗೋಡೆಗಳನ್ನು ದಾಖಲಿಸದಿದ್ದರೆ ಕಾವಿ ಎಂಬ ಹೆಸರೇ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಕರಾವಳಿಯ ಮಳೆಯನ್ನು ತಲೆಮಾರುಗಳ ಕಾಲ ತಡೆದ ಆ ಗೋಡೆಗಳನ್ನು ಕೆಡವಿದ್ದು ಮಳೆಗಿಂತ ಹೆಚ್ಚಾಗಿ ಜೀರ್ಣೋದ್ಧಾರ.

ಗೋಡೆಯೊಳಗಿನ ಗಾಳಿ

ಸುಣ್ಣ ಗಟ್ಟಿಯಾಗುವಾಗ ಹೀರಿದ್ದು ಆ ಕಾಲದ ಗಾಳಿಯನ್ನು. ಅದರಲ್ಲಿ ವಿಕಿರಣಶೀಲ ಇಂಗಾಲದ ಒಂದು ಅಂಶವೂ ಇತ್ತು, ಅದು ಗೊತ್ತಾದ ವೇಗದಲ್ಲಿ ಕ್ಷಯಿಸುತ್ತದೆ. ಹಾಗಾಗಿ ಗಾರೆಯ ಒಂದು ಚೂರಿನಿಂದ ಅನಿಲವನ್ನು ಬಿಡಿಸಿ ಅಳೆದರೆ ಆ ಗೋಡೆಗೆ ಗಾರೆ ಬಿದ್ದ ಕಾಲವನ್ನು ಲೆಕ್ಕ ಹಾಕಬಹುದು. ಮರಳಿನಲ್ಲಿ ಹಳೆಯ ಸುಣ್ಣದ ಕಲ್ಲಿನ ಚೂರು ಬೆರೆತಿದ್ದರೆ ಲೆಕ್ಕ ತಪ್ಪುತ್ತದೆ, ಬೇರ್ಪಡಿಸುವುದು ನಾಜೂಕಿನ ಕೆಲಸ.

ಈ ಕಲ್ಲಿಗೂ ಶತ್ರುಗಳಿವೆ. ಹೊಗೆಯ ಗಂಧಕದ ಅನಿಲ ತೇವದೊಂದಿಗೆ ಸೇರಿ ಸುಣ್ಣದ ಹರಳನ್ನು ಜಿಪ್ಸಮ್ ಆಗಿ ಮಾರ್ಪಡಿಸುತ್ತದೆ. ಜಿಪ್ಸಮ್ ಹಿಗ್ಗಿ ಬಣ್ಣದ ಪದರವನ್ನು ಎಬ್ಬಿಸುತ್ತದೆ. 1966ರ ಪ್ರವಾಹದ ನಂತರ ಫ್ಲಾರೆನ್ಸ್ ನಗರದ ಚಿತ್ರಗಳಲ್ಲಿ ಇಂಥ ಹಾನಿ ವ್ಯಾಪಕವಾಗಿ ಕಾಣಿಸಿತು. ಕೆಲವು ಕಾಲ ಪ್ಲಾಸ್ಟಿಕ್ ರಾಳಗಳನ್ನು ಸವರಿ ಗಟ್ಟಿಮಾಡುವ ಪ್ರಯತ್ನ ನಡೆಯಿತು. ಅದು ಗೋಡೆಯ ಉಸಿರು ಕಟ್ಟಿಸಿತು, ಒಳಗಿನ ಉಪ್ಪು ರಾಳದ ಹಿಂದೆ ಶೇಖರವಾಗಿ ಹಾನಿ ಹೆಚ್ಚಾಯಿತು. ಕೊನೆಗೆ ಫ್ಲಾರೆನ್ಸ್ ವಿಶ್ವವಿದ್ಯಾಲಯದ ಪಿಯೆರೊ ಬಾಲ್ಯೋನಿ ಮತ್ತು ಸಂಗಡಿಗರು ಕಂಡುಕೊಂಡ ಮದ್ದು ಯಾವುದು ಗೊತ್ತೇ? ಅರಳಿದ ಸುಣ್ಣವೇ. ಅದನ್ನು ಅತಿಸೂಕ್ಷ್ಮ ಕಣಗಳಾಗಿ ಮಾಡಿ ಮದ್ಯಸಾರದಲ್ಲಿ ತೇಲಿಸಿ ಹಚ್ಚುತ್ತಾರೆ. ಕಣಗಳು ಬಿರುಕುಗಳೊಳಗೆ ಇಳಿದು, ಗಾಳಿ ಹೀರಿ, ಕಲ್ಲಾಗಿ ಸಡಿಲವಾದ ಬಣ್ಣವನ್ನು ಹಿಡಿಯುತ್ತವೆ. ಮೆಕ್ಸಿಕೊದ ಕಲಾಕ್ಮುಲ್‌ನಲ್ಲಿ ಮಾಯಾ ಜನರ ಭಿತ್ತಿಚಿತ್ರಗಳಿಗೂ ಈ ಚಿಕಿತ್ಸೆ ನಡೆದಿದೆ.

ನಮ್ಮಲ್ಲಿ ಇಂಥ ಪ್ರಯೋಗಾಲಯ ಪ್ರತಿ ಊರಿಗೂ ಬರಲಾರದು. ಆದರೆ ಅದಕ್ಕಿಂತ ಮುಂಚೆ ಮಾಡಬಹುದಾದ, ಖರ್ಚಿಲ್ಲದ ಕೆಲಸವೊಂದಿದೆ. ನಿಮ್ಮೂರಿನ ಗುಡಿಯಲ್ಲೋ ಹಳೆಯ ಮನೆಯಲ್ಲೋ ಸುಣ್ಣದ ಗಾರೆಯ ಮೇಲೆ ಹಳೆಯ ಬಣ್ಣದ ಗುರುತಿದ್ದರೆ ಅದರ ಮೇಲೆ ಸಿಮೆಂಟ್ ಗಿಲಾವು ಮಾಡಲು, ಎನಾಮೆಲ್ ಬಳಿಯಲು ಬಿಡಬೇಡಿ. ಸಿಮೆಂಟ್ ತೇವವನ್ನೂ ಉಪ್ಪನ್ನೂ ಒಳಗೆ ಕೂಡಿಹಾಕುತ್ತದೆ, ಎನಾಮೆಲ್ ಗಾಳಿಯ ದಾರಿ ಮುಚ್ಚುತ್ತದೆ. ನೀರು ಹೊಡೆದು ತೊಳೆಯುವುದೂ ಬೇಡ. ಒಂದು ಫೋಟೊ ತೆಗೆದು ಪುರಾತತ್ವ ಇಲಾಖೆಗೆ ಬರೆಯಿರಿ, ಅವರು ಬರುವವರೆಗೆ ಆ ಗೋಡೆಯನ್ನು ಇದ್ದ ಹಾಗೇ ಇರಗೊಡಿ.